ಕಲ್ಲಿಗೆ ಕೂರದ ಕಾಸು

ಏಳನೆಯ ಕಂತು

"ಪೆನ್ನು ಕೆಳಗಿಡಿ ದೊಡ್ಡಯ್ಯ."

ಪ್ರಮೀಳಾ ದನಿ ಏರಿಸಿರಲಿಲ್ಲ. ಆದರೆ ಅವಳ ಅಂಗೈ ಕಾಗದದ ಮೇಲೆ ಬಿದ್ದ ರಭಸಕ್ಕೆ ಮೇಜಿನ ಮೇಲಿದ್ದ ಟೀ ಲೋಟಗಳು ಕುಲುಕಿದವು. ಅಂದಾನಯ್ಯನವರ ಪೆನ್ನಿನ ಮೊನೆ ಅವಳ ಕಿರುಬೆರಳಿನ ಮೇಲೊಂದು ನೀಲಿ ಗೆರೆ ಎಳೆದು ನಿಂತಿತು.

"ಬುಡವ್ವ. ಒಂದು ಸೈನ್ ತಾನೆ. ಆಕ್ಬುಟ್ಟು ಒಂಟೋಯ್ತೀನಿ."

"ಒಂದು ಸೈನಾ? ಇದ್ರಲ್ಲಿ ಏನ್ ಬರ್ದವ್ರೆ ಓದಿದ್ರಾ? 'ತಿಳಿದೂ ತಿಳಿದೂ ನಕಲಿ ನಾಣ್ಯ ತಂದು ಬಳಗದ ಗೌರವಾನ್ವಿತ ಸದಸ್ಯರನ್ನು ವಂಚಿಸಲು ಯತ್ನಿಸಿರುತ್ತೇನೆ.' ಎಪ್ಪತ್ತೆರಡು ವರ್ಸ ಬದುಕಿದ್ದು ಇದನ್ನ ಬರ್ಕೊಡಕ್ಕಾ?"

ಅಂದಾನಯ್ಯ ಹೆಗಲ ಮೇಲಿನ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡರು. ಪೆನ್ನನ್ನು ಕೆಳಗಿಡಲಿಲ್ಲ. ಬರೆಯಲೂ ಇಲ್ಲ.

ಮೂರು ವಾರದ ಹಿಂದೆ, ಕಾವೇರಿ ನಾಣ್ಯ ಬಳಗಕ್ಕೆ ಸದಸ್ಯರಾಗಲು ಅವರು ತಂದಿದ್ದ, ಆನೆಯ ಅಚ್ಚಿನ ಹಳೆಯ ತಾಮ್ರದ ಕಾಸು ಇದೇ ಮೇಜಿನ ಸುತ್ತ ಕೈಯಿಂದ ಕೈಗೆ ಹೋಗಿ ಬರುವಷ್ಟರಲ್ಲಿ ನಕಲಿಯಾಗಿತ್ತು. ಅದೇ ಸಂಜೆಯೊಳಗೆ ಅವರ ಫೋಟೋ 'ಈ ವ್ಯಕ್ತಿಯ ಬಗ್ಗೆ ಎಚ್ಚರ' ಎಂಬ ಸಾಲಿನ ಜೊತೆ ನಾಗಮಂಗಲದಿಂದ ಪಾಂಡವಪುರದವರೆಗೆ ಎಲ್ಲರ ಫೋನಿನಲ್ಲೂ ಕೂತಿತ್ತು.

ಬೇರೆಯವರಿಗಾದರೆ ಅದು ನಾಲ್ಕು ದಿನದ ಅವಮಾನ. ಅಂದಾನಯ್ಯ ದನಗಳ ನಾಟಿ ವೈದ್ಯರು. ಊರಿಂದೂರಿಗೆ ನಡೆದು ಹೋಗಿ, ಕಂಡವರ ಕೊಟ್ಟಿಗೆಯಲ್ಲಿ ಕೂತು, ಬಾಯಿಲ್ಲದ ಪ್ರಾಣಿಗೆ ಕೈ ಹಾಕುವವರು. ಆ ಕೈಯನ್ನು ಜನ ನಂಬಬೇಕು. ಮೊನ್ನೆ ಕಿಕ್ಕೇರಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ, "ಓ, ಡೂಪ್ಲಿಕೇಟು ಅಯ್ನೋರು ಬಂದ್ರು, ಔಸ್ದೀನಾದ್ರೂ ಒರಿಜಿನಲ್ಲಾ?" ಎಂದು ನಕ್ಕಿದ್ದ. ಈ ಕಾಗದಕ್ಕೆ ರುಜು ಬಿದ್ದರೆ ಆ ನಗೆಗೆ ದಾಖಲೆ ಸಿಕ್ಕಂತೆ. ಆಮೇಲೆ ಯಾವ ಮನೆಯವರೂ ಅವರಿಗೆ ಕೊಟ್ಟಿಗೆಯ ಬಾಗಿಲು ತೆರೆಯುವುದಿಲ್ಲ.

"ನಮಗೆ ಹೊತ್ತಾಗುತ್ತಿದೆ," ಎಂದರು ಬಳಗದ ಅಧ್ಯಕ್ಷ ಪುಟ್ಟಸ್ವಾಮಿ ಮೇಷ್ಟ್ರು. ಪಾಂಡವಪುರದಲ್ಲಿ ಮೂವತ್ತೆರಡು ವರ್ಷ ಚರಿತ್ರೆ ಪಾಠ ಹೇಳಿ ನಿವೃತ್ತರಾದವರು. ಮನೆಯವರ ಜೊತೆಗೂ ಪಠ್ಯಪುಸ್ತಕದ ಭಾಷೆಯಲ್ಲೇ ಮಾತಾಡುತ್ತಾರೆ ಎಂಬ ಖ್ಯಾತಿ. "ಸೈನ್ ಹಾಕಪ್ಪಾ ನೀನು. ಹನ್ನೆರಡರೊಳಗೆ ಕ್ಷಮಾಪಣೆ ಬಾರದಿದ್ದರೆ ಪೊಲೀಸ್ ಠಾಣೆಗೆ ದೂರು ಕೊಡುವುದೆಂದು ಠರಾವಾಗಿದೆ."

"ನೀನು ಅಂತ ಯಾಕೆ ಕರೀತೀರಿ ಮೇಷ್ಟ್ರೇ?" ಪ್ರಮೀಳಾ ಕೇಳಿದಳು. "ಅವರು ನಿಮಗಿಂತ ದೊಡ್ಡೋರು."

"ನಾನು ಗೌರವದಿಂದಲೇ..."

"ಗೌರವನಾ ಇದು? ನನ್ನನ್ನ ಮೇಡಂ ಅಂತೀರಿ, ರಘುನಂದನ್ ಅವರನ್ನ 'ನೀವು' ಅಂತೀರಿ. ಪಂಚೆ ಉಟ್ಕೊಂಡು ಬಂದೋರು ಮಾತ್ರ 'ನೀನು'."

ಮೇಷ್ಟ್ರ ಮುಖ ಕೆಂಪಗಾಯಿತು. ಮೇಜಿನ ಆಚೆ ಬದಿಯಲ್ಲಿ ಜಯಕುಮಾರ್ ಕೆಮ್ಮಿದ. ಕೆ.ಆರ್. ಪೇಟೆಯಲ್ಲಿ ಹಿತ್ತಾಳೆ, ತಾಮ್ರದ ಪಾತ್ರೆ ಅಂಗಡಿ ಇಟ್ಟವನು. ನಗು ಬಂದಾಗಲೆಲ್ಲ ಕೆಮ್ಮುವುದು ಅವನ ಅಭ್ಯಾಸ.

ಪ್ರಮೀಳಾಗೆ ನಗು ಬರಲಿಲ್ಲ. ಕಿಕ್ಕೇರಿ ಪಕ್ಕದ ಹಳ್ಳಿಯೊಂದರ ಹಾಲಿನ ಡೈರಿಯಲ್ಲಿ ಹನ್ನೊಂದು ವರ್ಷದಿಂದ ಹಾಲು ಪರೀಕ್ಷೆ ಮಾಡುವವಳು ಅವಳು. ಎದುರಿಗೆ ಬಂದವರು ಪಂಚಾಯ್ತಿ ಮೆಂಬರೋ ಸ್ವಂತ ಚಿಕ್ಕಪ್ಪನೋ, ನೋಡದೆ ಲ್ಯಾಕ್ಟೋಮೀಟರು ಇಳಿಸುವ ಕೈ. ಹಾಲಿಗೆ ನೀರು ಹಾಕಿದವನ ಮೇಲೆ ಅವಳಿಗೆ ಅಷ್ಟು ಸಿಟ್ಟು ಬರುವುದಿಲ್ಲ. ನೀರು ತಾನು ಹಾಕಿ ಹಸುವನ್ನು ಬೈಯುವವನ ಮೇಲೆ ಬರುತ್ತದೆ.

ಈಗ ಬಂದಿದ್ದದ್ದು ಅಂಥದೇ ಸಿಟ್ಟು.

"ರುಜು ಆಮೇಲೆ," ಎಂದಳು. "ಇವತ್ತಿನ ಸಭೇಲಿ ಮೊದಲನೇ ವಿಷಯ ಏನು? ರಘುನಂದನ್ ಅವರೇ, ನೀವು ಕಾರ್ಯದರ್ಶಿ. ಓದಿ."

ಬಳಗ ಸೇರುವುದು ರಘುನಂದನ್‌ನ ಸ್ಟುಡಿಯೋದ ಮೇಲಿನ ಕೋಣೆಯಲ್ಲಿ. ಕೆಳಗೆ ಫೋಟೋ, ಜೆರಾಕ್ಸು, ಸ್ಕ್ಯಾನಿಂಗು. ಮೇಲೆ ಒಂದು ಉದ್ದ ಮೇಜು, ಕಬ್ಬಿಣದ ಬೀರು, ಕಿಟಕಿಯಾಚೆ ಶ್ರೀರಂಗಪಟ್ಟಣದ ಕೋಟೆಗೋಡೆಯ ಮೇಲೆ ಒಣಗಲು ಹಾಕಿದ ಯಾರದೋ ಸೀರೆ. ರಘುನಂದನ್ ನಲವತ್ತರ ಆಸುಪಾಸಿನವನು, ಎಲ್ಲರಿಗೂ ಟೀ ತರಿಸುವವನು, ಯಾರ ಮಾತಿಗೂ ಎದುರು ಹೇಳದವನು. ಅವನು ಹಾಳೆ ನೋಡಿ ತಡವರಿಸಿದ.

"ಹೊಸ ಸದಸ್ಯರ ಸೇರ್ಪಡೆ. ಪ್ರಮೀಳಾ, ಕಿಕ್ಕೇರಿ ಹೋಬಳಿ."

"ಏನು?" ಎಂದರು ಮೇಷ್ಟ್ರು.

"ಎರಡು ವಾರದ ಹಿಂದೆ ಪೋಸ್ಟಲ್ಲಿ ಬಂದಿತ್ತು ಮೇಷ್ಟ್ರೇ. ಬೇರೆ ಅರ್ಜಿಗಳ ಜೊತೆ ನಿಮಗೆ ಕೊಟ್ಟಿದ್ದೆ. ನೀವೇ ಸೈನ್ ಮಾಡಿದ್ದೀರಿ."

"ನಿಯಮ ನಾಲ್ಕು," ಪ್ರಮೀಳಾ ಬೆರಳು ಮಡಿಸುತ್ತ ಹೇಳತೊಡಗಿದಳು. "ಸೇರೋರು ತಮ್ಮದೊಂದು ನಾಣ್ಯ ಮೇಜಿನ ಮೇಲಿಡಬೇಕು. ಅದು ಎಡದಿಂದ ಶುರುವಾಗಿ ಎಲ್ಲರ ಕೈಗೂ ಹೋಗಬೇಕು. ಪ್ರತಿಯೊಬ್ಬರೂ ಅದರ ಬಗ್ಗೆ ಒಂದು ಮಾತು ಹೇಳಬೇಕು. ಅದು ವಾಪಸ್ ಬರೋವರೆಗೂ ತಂದೋರು ಬಾಯಿ ಬಿಡಬಾರದು. ವಾಪಸ್ ಬಂದ ಮೇಲೆ ಅವರು ಮಾತಾಡಬಹುದು, ಯಾರೂ ತಡೀಬಾರದು. ಸರಿ ತಾನೆ?"

"ಸರಿ, ಆದರೆ..."

ಅವಳು ಸೆರಗಿನ ಗಂಟು ಬಿಚ್ಚಿ ಹಸಿರು ಬಟ್ಟೆಯ ಮೇಲೆ ಒಂದು ಕಾಸು ಇಟ್ಟಳು.

ನಾಲ್ಕು ತಲೆಗಳು ಒಟ್ಟಿಗೆ ಅದರ ಮೇಲೆ ಬಾಗಿದವು.

"ಇದು ಅದೇ!" ಮೇಷ್ಟ್ರು ಎದ್ದೇ ನಿಂತರು. "ಇದು ಆ ನಕಲಿ ಕಾಸು! ಬಳಗವನ್ನು ಗೇಲಿ ಮಾಡುತ್ತಿದ್ದೀರಾ ತಾವು?"

"ಕಾಸು ಅಸಲಿ ಇರಬೇಕು ಅಂತ ನಿಯಮದಲ್ಲಿ ಎಲ್ಲಿದೆ ಮೇಷ್ಟ್ರೇ? ಅರ್ಜಿ ಮೇಲೆ ಇದೇ ಕಾಸಿನ ಚಿತ್ರ ಇದೆ. ನೋಡದೇ ಸೈನ್ ಹಾಕಿದ್ದು ನಾನಲ್ಲ."

ಜಯಕುಮಾರ್ ಈ ಸಲ ಜೋರಾಗಿಯೇ ಕೆಮ್ಮಿದ. "ಕೂತ್ಕಳಿ ಮೇಷ್ಟ್ರೇ. ರೂಲ್ಸು ಮಾಡ್ದೋರು ನೀವೇಯ. ಆಯಮ್ಮ ನಿಮ್ಮ ಅಗ್ಗದಲ್ಲೇ ನಿಮ್ಮನ್ನ ಕಟ್ತಾವ್ಳೆ."

"ಅವತ್ತು ಕೂತಿದ್ದ ಕುರ್ಚಿಗಳಲ್ಲೇ ಕೂತ್ಕೊಳ್ಳಿ," ಎಂದಳು ಪ್ರಮೀಳಾ.

ಅವತ್ತು ಬಂದಿದ್ದವರು ನಾಲ್ವರೇ, ಇವತ್ತೂ ಅದೇ ನಾಲ್ವರು. ಎಡದಲ್ಲಿ ರಘುನಂದನ್, ಅವನ ಪಕ್ಕ ನಾಗಮಂಗಲದ ಕಾಲೇಜಿನಲ್ಲಿ ಚರಿತ್ರೆ ಹೇಳುವ ಸುಧ, ಆಮೇಲೆ ಜಯಕುಮಾರ್, ಕೊನೆಗೆ ಮೇಷ್ಟ್ರು. ಅಂದಾನಯ್ಯ ಅವತ್ತು ಕೂತಿದ್ದಂತೆಯೇ ಸುಧ ಮತ್ತು ಜಯಕುಮಾರ್ ಎದುರಿಗೆ, ಬಾಗಿಲ ಕಡೆ ಬೆನ್ನು ಹಾಕಿ ಕೂತಿದ್ದರು. ಮೇಜು ಉದ್ದವಾದರೂ ಅಗಲ ಕಡಿಮೆ. ಕೈ ಚಾಚಿದರೆ ಎದುರಿನವರ ಲೋಟ ಸಿಗುವಷ್ಟು.

ಕಾಸು ಹೊರಟಿತು.

ರಘುನಂದನ್ ಅದರ ಅಂಚುಗಳನ್ನಷ್ಟೇ ಎರಡು ಬೆರಳಲ್ಲಿ ಹಿಡಿದ. ಬಳಗದ ಮಡಿ ಇದು. ಮುಖಕ್ಕೆ ಬೆರಳು ತಾಗಿಸುವಂತಿಲ್ಲ, ಒರೆಸುವುದಂತೂ ಮಹಾಪಾಪ. ಕಾಲ ಕೂಡಿಸಿದ ಬಣ್ಣವನ್ನು ಅಳಿಸಿದವನನ್ನು ಇವರು ಕೊಲೆಗಾರನ ಹಾಗೆ ನೋಡುತ್ತಾರೆ.

"ಎರಕ ಹೊಯ್ದದ್ದು," ಎಂದ ರಘುನಂದನ್. "ಅಂಚಲ್ಲಿ ಸಣ್ಣ ಗುಳ್ಳೆ ಇದೆ."

ಸುಧ ಕಾಸನ್ನು ತೆಗೆದುಕೊಂಡಳು. ಆನೆಯ ಬೆನ್ನ ಮೇಲೆ ಒಂದು ಅಕ್ಷರ, ತಲೆಕೆಳಗಾಗಿತ್ತು. ಅಸಲಿಯ ಬೆಲೆ ಇದ್ದದ್ದೇ ಅಲ್ಲಿ: ಹಿಂದೆಂದೋ ಟಂಕಸಾಲೆಯಲ್ಲಿ ಯಾವನೋ ತೂಕಡಿಸುತ್ತ ಅಚ್ಚನ್ನು ತಪ್ಪಾಗಿ ಕೊರೆದಿದ್ದ. ಅಂಥ ತಪ್ಪಿನ ಕಾಸು ಕಂಡರೆ ಸಂಗ್ರಹಕಾರರು ಊಟ ಬಿಟ್ಟು ಓಡಿ ಬರುತ್ತಾರೆ.

"ಅಕ್ಷರ ತಲೆಕೆಳಗಾಗಿದೆ," ಎಂದಳು ಸುಧ. ತಡೆದಳು. "ಆದರೆ ಮೊಂಡಾಗಿದೆ." ಅವಳ ದನಿಯೂ ಮೊಂಡಾಗಿತ್ತು.

ಜಯಕುಮಾರ್ ಕಾಸನ್ನು ಬಟ್ಟೆಯಿಂದಾಚೆ, ಬರಿಯ ಮರದ ಮೇಲೆ ಒಮ್ಮೆ ಕುಟ್ಟಿದ. ಟಪ್ ಎಂದಿತು. "ದನಿ ಇಲ್ಲ. ಟೂರಿಸ್ಟ್‌ಗಳಿಗೆ ಮಾರೋ ಮೂವತ್ತು ರೂಪಾಯಿ ಮಾಲು."

"ನಕಲಿ," ಎಂದರು ಮೇಷ್ಟ್ರು, ಮುಟ್ಟುವುದಕ್ಕೂ ಮೊದಲೇ. "ಅಂದೂ ಹೇಳಿದೆ, ಇಂದೂ ಹೇಳುತ್ತೇನೆ."

ಕಾಸು ಪ್ರಮೀಳಾ ಮುಂದೆ ಬಂತು.

"ಈಗ ನಾನು ಮಾತಾಡಬಹುದು," ಎಂದು ಅವಳು ಕಾಲ ಬಳಿ ಇದ್ದ ವೈರ್ ಬ್ಯಾಗಿನಿಂದ ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಭಾರದ ವಸ್ತುವೊಂದನ್ನು ಎತ್ತಿ ಮೇಜಿನ ಮೇಲಿಟ್ಟಳು. ಬಟ್ಟೆ ಬಿಡಿಸಿದಳು.

ಕರಿಯ ಕಲ್ಲು. ಊಟದ ತಟ್ಟೆಯಷ್ಟಗಲ. ನಡುವೆ ಒಂದು ಗೀರು, ಬೆರಳುದ್ದ, ಓರೆಯಾಗಿ ಇಳಿದದ್ದು.

ಅಂದಾನಯ್ಯ ಕುರ್ಚಿಯಿಂದ ಅರ್ಧ ಎದ್ದರು. "ಇದ್ಯಾಕವ್ವ ತಂದೆ? ನಮ್ಮ ಕೊಟ್ಟಿಗೇಗೆ ಯಾವಾಗ ಓಗಿದ್ದೆ ನೀನು?"

"ಬೆಳಿಗ್ಗೆ. ನೀವು ಬಸ್ ಹತ್ತಿದ ಮೇಲೆ."

"ಬ್ಯಾಡ ಮಗ. ಸುತ್ತಿ ಒಳಕ್ಕಿಡು."

ಹಸುವಿಗೆ ಕೈ ಮುಗಿದು ಔಷಧಿ ಹಾಕುವ ಮನುಷ್ಯನಿಗೆ, ತನ್ನ ಕಲ್ಲನ್ನು ಇವರೆಲ್ಲರ ಕಣ್ಣೆದುರು ಹೀಗೆ ಇಟ್ಟದ್ದು ನಾಚಿಕೆಯಾಗಿರಬೇಕು ಎಂದುಕೊಂಡಳು ಪ್ರಮೀಳಾ. ಅವರಿಗೆ ಬೇಡವಾಗಿದ್ದ ನಾಚಿಕೆಯನ್ನು ಈ ನಾಲ್ವರು ಅವರ ಮೈಗೆ ಬಳಿದಿದ್ದಾರೆ. ಅವಳ ಕಿವಿ ಬಿಸಿಯಾಯಿತು.

"ಹಸು ಕಣ್ಣಿಗೆ ಹೂವು ಬಿದ್ರೆ, ಬಿಳಿ ಪೊರೆ ಕಟ್ಟಿದ್ರೆ," ಎಂದಳು ಉಳಿದವರ ಕಡೆ ತಿರುಗಿ, "ದೊಡ್ಡಯ್ಯ ಈ ಕಲ್ಲಿನ ಮೇಲೆ ಮಜ್ಜಿಗೆ ಬಿಟ್ಟು ಆ ತಾಮ್ರದ ಕಾಸನ್ನ ತೇಯ್ತಾರೆ. ಬಂದ ಹಸಿರು ಕಿಲುಬನ್ನ ಕಣ್ಣಿಗೆ ಹಚ್ತಾರೆ. ಅದು ವಾಸಿ ಮಾಡುತ್ತೋ ಇಲ್ವೋ ದನದ ಡಾಕ್ಟರ ಕೇಳಿ, ನನ್ನ ಕೇಳಬೇಡಿ. ನಲವತ್ತೈದು ವರ್ಷ ಒಬ್ಬರೇ, ಒಂದೇ ಕೈಯಲ್ಲಿ, ಒಂದೇ ಓರೆಗೆ ತೇಯ್ದಿದ್ದಾರೆ. ಅವರಿಗೆ ಮುಂಚೆ ಅವರಪ್ಪ. ಕಾಸು ಕಲ್ಲನ್ನ ಸವೆಸಿದೆ, ಕಲ್ಲು ಕಾಸನ್ನ ಸವೆಸಿದೆ. ಆ ಕಾಸಿನ ಕೆಳಗಿನ ಅಂಚು ಚಪ್ಪಟೆ ಆಗಿತ್ತು ಅಂತ ನೀವೂ ಅವತ್ತು ಬರ್ಕೊಂಡಿದ್ದೀರಿ. ಇದರ ಅಂಚೂ ಚಪ್ಪಟೆ ಇದೆ. ಹೌದಾ?"

"ಹೌದು," ಎಂದ ರಘುನಂದನ್.

"ಕೂರಿಸ್ತೀನಿ, ನೋಡಿ."

ಅವಳು ಕಾಸಿನ ಚಪ್ಪಟೆ ಅಂಚನ್ನು ಗೀರಿನೊಳಗೆ ಇಳಿಸಿದಳು. ಅದು ಕೂರಲಿಲ್ಲ. ಅತ್ತ ವಾಲಿತು, ಇತ್ತ ವಾಲಿತು. ಮಗ್ಗುಲು ಬದಲಿಸಿ ಇಟ್ಟಳು. ಮತ್ತೆ ವಾಲಿತು. ಕಲ್ಲಿನ ಗೀರು ಓರೆ. ಕಾಸಿನ ಅಂಚು ನೆಟ್ಟಗೆ, ಅರದಿಂದ ಉಜ್ಜಿದ ಹಾಗೆ.

ಜಯಕುಮಾರ್ ಬಗ್ಗಿ ನೋಡಿದ. ಅವನ ಕೆಮ್ಮು ನಿಂತಿತ್ತು. "ಅರ ಆಕವ್ರೆ. ಗೆರೆ ಕಾಣ್ತವೆ."

"ಇದನ್ನ ಮಾಡಿದವನಿಗೆ ಅಂಚು ಸವೆದಿದೆ ಅಂತ ಗೊತ್ತಿತ್ತು, ಯಾವ ಕಡೆಗೆ ಓರೆ ಅಂತ ಗೊತ್ತಿರಲಿಲ್ಲ. ಅಂದ್ರೆ ಅವನು ಕಾಸನ್ನ ಕೈಯಲ್ಲಿ ಹಿಡಿದು ನೋಡಿಲ್ಲ. ಚಿತ್ರ ನೋಡಿದ್ದಾನೆ. ಸ್ಕ್ಯಾನರಿನ ಮೇಲೆ ಅಂಗಾತ ಮಲಗಿಸಿ ತೆಗೆದ ಚಿತ್ರ. ದೊಡ್ಡಯ್ಯನೇ ನಕಲಿ ಮಾಡಿಸಿದ್ರೆ ಅಸಲಿಯನ್ನ ಮುಂದಿಟ್ಟು ಮಾಡಿಸ್ತಿದ್ರು, ಓರೆ ತಪ್ಪುತ್ತಿರಲಿಲ್ಲ. ಆ ಚಿತ್ರ ಇದ್ದದ್ದು ಲೋಕದಲ್ಲಿ ಒಂದೇ ಕಡೆ. ಅವರು ನಿಮಗೆ ಕೊಟ್ಟ ಅರ್ಜಿ ಮೇಲೆ. ಆ ಬೀರುವಿನಲ್ಲಿ."

ಎಲ್ಲರೂ ಬೀರುವಿನ ಕಡೆ ನೋಡಿದರು. ಆಮೇಲೆ, ಯಾರೂ ಹೇಳಿಕೊಡದೆ, ಮೂವರು ಜಯಕುಮಾರನ ಕಡೆ ನೋಡಿದರು.

"ಓಹೋಹೋ! ನೋಡ್ರಪ್ಪ, ನೋಡಿ!" ಅವನು ಮೇಜು ಗುದ್ದಿದ. "ಎರಕ ಅಂದ್ರೆ ಪಾತ್ರೆ ಅಂಗ್ಡಿಯೋನು, ಅಲ್ವಾ? ನಾನು ಚೊಂಬು ಮಾರ್ತೀನಿ ಕಣ್ರಯ್ಯಾ, ಟಂಕಸಾಲೆ ಇಟ್ಕಂಡಿಲ್ಲ! ಬೀರು ಕೀ ಯಾರತ್ರ ಅದೆ? ರಘು ಅತ್ರ. ಅರ್ಜಿ ಯಾರ ಮನೇಲಿ ಅದಿನೈದು ದಿನ ಇತ್ತು? ಮೇಷ್ಟ್ರ ಮನೇಲಿ. ನನ್ ಮಕ ಯಾಕ್ ನೋಡ್ತೀರಿ?"

"ನಾಲಗೆ ಹಿಡಿತದಲ್ಲಿರಲಿ ಜಯಕುಮಾರ್," ಎಂದರು ಮೇಷ್ಟ್ರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ತರಗತಿಯಲ್ಲಿ ಹುಡುಗನೊಬ್ಬನ ತಪ್ಪು ಉತ್ತರವನ್ನು ಹಿಡಿದಾಗ ಹಾಗೆ ಇಡುತ್ತಿದ್ದರೋ ಏನೋ. "ಮೇಡಂ, ತಮ್ಮ ಕಲ್ಲು ಒಂದನ್ನು ಮಾತ್ರ ಸಾಬೀತು ಮಾಡಿದೆ. ಇದು ಆತನ ಹಳೆಯ ಕಾಸಲ್ಲ. ನಾನೂ ಹೇಳಿದ್ದು ಅದನ್ನೇ. ಹಳೆಯದನ್ನು ಮನೆಯಲ್ಲಿಟ್ಟು ಇದನ್ನು ತಂದ. ಚಿತ್ರ ಎಲ್ಲಿಂದ ಯಾರಿಗೆ ಹೋಯಿತೋ ದೇವರೇ ಬಲ್ಲ. ಅಸಲಿ ಕಾಸು ಈ ಕೋಣೆಗೆ ಬಂದಿತ್ತು ಎಂಬುದಕ್ಕೆ ಸಾಕ್ಷಿ ಏನಿದೆ? ಅದನ್ನು ಕಂಡವರು ಯಾರು?"

ಈ ಪ್ರಶ್ನೆ ಬರುತ್ತದೆಂದು ಪ್ರಮೀಳಾಗೆ ಗೊತ್ತಿತ್ತು. ಬಸ್ಸಿನಲ್ಲಿ ಬರುವಾಗ ಇಡೀ ದಾರಿ ಅದನ್ನೇ ಮಗುಚಿ ಹಾಕಿದ್ದಳು.

ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು. ಮೇಷ್ಟ್ರು ಕ್ಷಮಾಪಣೆಯ ಕಾಗದವನ್ನು ಬೆರಳ ತುದಿಯಿಂದ ಅಂದಾನಯ್ಯನವರ ಕಡೆಗೆ ಸರಿಸಿದರು.

"ನಾನು ನೋಡಿದೆ."

ಸುಧ ಹೇಳಿದ್ದು ಎಷ್ಟು ಮೆಲ್ಲಗೆಂದರೆ ಮೇಷ್ಟ್ರು "ಏನಮ್ಮ?" ಎಂದು ಮತ್ತೆ ಕೇಳಬೇಕಾಯಿತು.

"ಅಸಲಿ ಕಾಸು ಬಂದಿತ್ತು ಸಾರ್. ನನ್ನ ಕೈಗೆ ಬಂದಿತ್ತು."

ಅವಳು ಚೀಲದಿಂದ ಒಂದು ದಪ್ಪ ನೋಟ್‌ಬುಕ್ ತೆಗೆದಳು. ಹೊಸದಾಗಿ ಬಂದ ನಾಣ್ಯದ ಮೇಲೆ ತೆಳು ಹಾಳೆ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದುಕೊಳ್ಳುವುದು ಅವಳ ಅಭ್ಯಾಸವಂತೆ. ನಿಯಮಕ್ಕೆ ವಿರುದ್ಧ. ಅದಕ್ಕೇ ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು, ಮೇಜಿನ ಮರೆಯಲ್ಲಿ.

ಹಾಳೆಯ ಮೇಲೆ ಬೂದು ಬಣ್ಣದ ಆನೆ ಎದ್ದು ನಿಂತಿತ್ತು. ಬೆನ್ನ ಮೇಲಿನ ಅಕ್ಷರ ಉಗುರಿನ ತುದಿಯಷ್ಟು ಚೂಪು. ಹಾಳೆಯನ್ನು ಅಂಚಿಗೂ ಮಡಿಸಿ ಉಜ್ಜಿದ್ದರಿಂದ ಕೆಳಗೆ ಸವೆತದ ಪಟ್ಟಿ, ಒಂದು ಬದಿಗೆ ಜಾರಿದ ಓರೆ. ಪ್ರಮೀಳಾ ಪುಸ್ತಕವನ್ನು ಕಲ್ಲಿನ ಪಕ್ಕ ಹಿಡಿದಳು. ಅದೇ ಓರೆ.

ಅವಳಿಗೆ ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

"ಇದು ನಿಮ್ಮ ಹತ್ರ ಮೂರು ವಾರದಿಂದ ಇತ್ತಾ?"

ಸುಧ ತಲೆ ತಗ್ಗಿಸಿದಳು.

"ಕೇಳ್ತಾ ಇದ್ದೀನಿ ಮೇಡಂ. ಇವರ ಫೋಟೋ ಊರೂರು ಸುತ್ತುವಾಗ, ಜನ ಇವರನ್ನ ಬಾಗಿಲಲ್ಲೇ ನಿಲ್ಲಿಸಿ ಕಳಿಸುವಾಗ, ಇದು ನಿಮ್ಮ ಚೀಲದಲ್ಲಿತ್ತು. ನೀವು ಕಾಲೇಜಿಗೆ ಹೋಗಿ ಪಾಠ ಮಾಡಿದ್ರಿ. ಊಟ ಮಾಡಿದ್ರಿ. ಅಲ್ವಾ?"

"ಪುಟ್ಟಸ್ವಾಮಿ ಸಾರ್ ನನಗೆ ಹೈಸ್ಕೂಲಲ್ಲಿ ಪಾಠ ಹೇಳಿದವರು." ಸುಧಳ ಕಣ್ಣು ತುಂಬಿತ್ತು. "ಅವರು ನಕಲಿ ಅಂದ್ಮೇಲೆ ನಾನೇ ಏನೋ ತಪ್ಪು ನೋಡಿದ್ದೀನಿ ಅಂದ್ಕೊಂಡೆ. ಆಮೇಲೆ ಮನೆಗೆ ಹೋಗಿ ಅಚ್ಚು ನೋಡಿದಾಗ ತಪ್ಪಲ್ಲ ಅಂತ ಗೊತ್ತಾಯ್ತು. ಆಮೇಲೆ... ದಿನ ಕಳೀತಾ ಕಳೀತಾ ಹೇಳೋದು ಕಷ್ಟ ಆಯ್ತು."

"ನಿಮಗೆ ಕಷ್ಟ ಆಯ್ತು," ಎಂದಳು ಪ್ರಮೀಳಾ. ಅದಕ್ಕಿಂತ ಹೆಚ್ಚು ಹೇಳಲು ಹೊರಟರೆ ಕೂಗಿಬಿಡುತ್ತೇನೆ ಎಂದು ಅವಳಿಗೆ ಗೊತ್ತಿತ್ತು. "ಸರಿ. ನಿಮ್ಮ ಕೈಗೆ ಬಂದಾಗ ಅಸಲಿ. ನಿಮ್ಮ ನಂತರ ಇಬ್ಬರು. ಜಯಕುಮಾರ್, ಮೇಷ್ಟ್ರು. ಇಬ್ಬರಲ್ಲಿ ಒಬ್ಬರು."

"ತಾವು ಎಚ್ಚರದಿಂದ ಮಾತಾಡಿ!" ಮೇಷ್ಟ್ರ ಪಠ್ಯಪುಸ್ತಕ ಮೊದಲ ಬಾರಿಗೆ ಹರಿಯಿತು. "ನನ್ನ ಮೇಲೆ ಕಳ್ಳತನ ಹೊರಿಸ್ತೀಯೇನಮ್ಮ?"

"ಈಗ ನನಗೂ 'ನೀನು' ಬಂತು."

"ತಡೀರಿ, ತಡೀರಿ, ತಡೀರಿ." ಜಯಕುಮಾರ್ ಎರಡೂ ಕೈ ಎತ್ತಿದ. ಅವನ ಮುಖದಲ್ಲಿ ಸಿಟ್ಟು ಇಳಿದು ಬೇರೆ ಏನೋ ಬಂದಿತ್ತು. ಕಳೆದ ವಸ್ತು ಎಲ್ಲಿಟ್ಟೆ ಎಂದು ನೆನಪಾಗುವಾಗ ಬರುವಂಥದ್ದು. "ನನ್ ಕೈಗೆ ಯಾವ ಕಾಸು ಬಂದ್ರೂ ನಾನು ಮರದ ಮ್ಯಾಲೆ ಕುಟ್ತೀನಿ. ಈಗ ಕುಟ್ಟಿದ್ನಲ್ಲ, ಅಂಗೇಯ. ಅವತ್ತೂ ಕುಟ್ದೆ. ಟಪ್ ಅಂತು. 'ದನಿ ಸತ್ತೋಗದಲ್ಲ' ಅಂತ ಅಂದೆ. ನೆಪ್ಪದಾ ಮೇಷ್ಟ್ರೇ? ನಾನು ಅಂಗಂದಿದ್ದಕ್ಕೇ ನೀವು ಕನ್ನಡಕ ಆಕ್ಕಂಡು ನೋಡಿದ್ದು."

ಮೇಷ್ಟ್ರು ನಿಧಾನವಾಗಿ ತಲೆಯಾಡಿಸಿದರು. "ಹೌದು. ನೀವು ಹಾಗೆ ಅಂದಿದ್ದಿರಿ."

"ಅಂದ್ರೆ ನನ್ ಕೈಗೆ ಬಂದಿದ್ದೇ ಡೂಪ್ಲಿಕೇಟು."

ಈಗ ನೋಟಗಳೆಲ್ಲ ಸುಧಳ ಕಡೆ ತಿರುಗಿದವು. ಅವಳ ಕೈಗೆ ಬಂದದ್ದು ಅಸಲಿ. ಅವಳ ಪಕ್ಕದ ಜಯಕುಮಾರನಿಗೆ ಸಿಕ್ಕಿದ್ದು ನಕಲಿ. ನಡುವೆ ಒಂದು ಗೇಣು ಮೇಜು.

"ನಾನಲ್ಲ," ಎಂದಳು ಸುಧ.

"ಮತ್ತೆ ಯಾರು ಮೇಡಂ?" ಪ್ರಮೀಳಾಳ ದನಿ ತಣ್ಣಗಾಗಿತ್ತು. ಡೈರಿಯಲ್ಲಿ ಕ್ಯಾನು ತಂದವರಿಗೆ ಈ ದನಿ ಗೊತ್ತು. "ನಿಮ್ಮ ಕೈ, ಅವರ ಕೈ. ನಡುವೆ ಇನ್ಯಾವ ಕೈ ಇತ್ತು?"

ಸುಧಳ ಹುಬ್ಬು ಕೂಡಿಕೊಂಡಿತು.

"ನಾನು ಕಾಸನ್ನ ಜಯಕುಮಾರ್ ಅವರಿಗೆ ಕೊಡಲೇ ಇಲ್ಲ," ಎಂದಳು.

"ಏನು?"

"ಕಾಸು ಅಂಟಂಟಾಗಿತ್ತು. ಎಣ್ಣೆಯೋ ಏನೋ. ನಾನು ಬೆರಳು ಉಜ್ಜಿಕೊಂಡೆ. ಆಗ ಅವರು..." ಅವಳು ಅಂದಾನಯ್ಯನವರ ಕಡೆ ನೋಡಿದಳು. "ಅವರು ಕೈ ಚಾಚಿ, 'ಕೊಡವ್ವ, ಅಳ್ಳೆಣ್ಣೆ ಅಂಟದೆ, ಒರಸ್ಕೊಡ್ತೀನಿ' ಅಂದ್ರು. ನಾನು ಕೊಟ್ಟೆ. ಟವೆಲ್ಲಿಂದ ಒರೆಸಿದ್ರು. ಅವರೇ ಜಯಕುಮಾರ್ ಅವರಿಗೆ ಕೊಟ್ಟಿದ್ದು."

ಕೆಳಗೆ ಜೆರಾಕ್ಸ್ ಮೆಷೀನು ಒಂದು ಹಾಳೆ ಉಗುಳಿದ ಸದ್ದು ಕೇಳಿಸಿತು.

"ಒರೆಸಿದ್ದ," ಎಂದರು ಮೇಷ್ಟ್ರು, ಕನಸಿನಲ್ಲಿ ಎಂಬಂತೆ. "ಹೌದು. ಒರೆಸಬೇಡ, ಒರೆಸಬೇಡ ಎಂದು ನಾನು ಕೂಗಿದೆ."

"ನಾವೆಲ್ಲಾ ಕೂಗುದ್ವಿ," ಎಂದ ಜಯಕುಮಾರ್. "ನಾನು ಬೈದೆ ಕೂಡ. ಯಾವನಾದ್ರೂ ಹಳೇ ಕಾಸ್ನ ಟವಲ್ಲಲ್ಲಿ ಒರೆಸ್ತಾನಾ ಅಂತ."

ಕೂಗಿದ್ದರು. ಕಣ್ಣು ಮುಚ್ಚಿಕೊಂಡಿದ್ದರು. ತಲೆ ಚಚ್ಚಿಕೊಂಡಿದ್ದರು. ಕಾಸನ್ನು ಒರೆಸುವ ಪಾಪ ಕಂಡು ನಾಲ್ಕು ಜನ ಸಂಗ್ರಹಕಾರರು ಎಷ್ಟು ಕಂಗೆಟ್ಟಿದ್ದರೆಂದರೆ, ಟವೆಲ್ಲಿನೊಳಗೆ ಹೋದದ್ದು ಯಾವುದು, ಹೊರಗೆ ಬಂದದ್ದು ಯಾವುದು ಎಂದು ಒಬ್ಬರೂ ನೋಡಿರಲಿಲ್ಲ. ಇವತ್ತು ಕೈಗಳ ಲೆಕ್ಕ ಹಾಕುವಾಗಲೂ ಬಳಗದವರ ನಾಲ್ಕು ಕೈಗಳನ್ನಷ್ಟೇ ಹಿಡಿದಿದ್ದರು. ಹಳ್ಳಿಯಿಂದ ಬಂದವನ ಕೈಯನ್ನು ಯಾರೂ ಕೈ ಎಂದುಕೊಂಡಿರಲಿಲ್ಲ.

ಪ್ರಮೀಳಾ ಕೂಡ. ಅವಳೂ ನಾಲ್ಕೇ ಎಣಿಸಿದ್ದಳು.

ಅವಳು ಅವರ ಕಡೆ ತಿರುಗಲು ಹೊತ್ತು ತೆಗೆದುಕೊಂಡಳು. ಮೂರು ವಾರದಲ್ಲಿ ಅವರು ಒಂದು ಸಲವೂ ಅವಳ ಸಹಾಯ ಕೇಳಿರಲಿಲ್ಲ. ಅವಳೇ ಹೋಗಿದ್ದಳು. ಅವಳೇ ಅವರ ಕೈಯಿಂದ ನಕಲಿ ಕಾಸು ಕಿತ್ತುಕೊಂಡಿದ್ದಳು. ಪ್ರತಿ ಸಲವೂ ಅವರು ಹೇಳಿದ್ದು ಒಂದೇ: ಬುಡವ್ವ. ಅದನ್ನವಳು ಸಾಧು ಮನುಷ್ಯನ ಸಂಕೋಚ ಎಂದು ತಿಳಿದಿದ್ದಳು.

ಆದರೆ ನಕಲಿ ಮಾಡಿದವನು ಅಸಲಿಯನ್ನು ಕೈಯಲ್ಲಿ ಹಿಡಿದವನಲ್ಲ. ಅದು ಈಗಲೂ ನಿಜ. ಚಿತ್ರ ನೋಡಿ ಮಾಡಿದವನು ಒಬ್ಬ. ಮಾಡಿದ್ದನ್ನು ಟವೆಲ್ಲಿನಲ್ಲಿಟ್ಟುಕೊಂಡು ಬಂದವರು ಇನ್ನೊಬ್ಬರು.

"ದೊಡ್ಡಯ್ಯ," ಎಂದಳು. "ನಾನು ನಿಮ್ಮ ಪರವಾಗಿ ಎಲ್ಲರ ಮೇಲೂ ಬಿದ್ದೆ. ಆ ಹೆಣ್ಮಗಳನ್ನ ಅಳಿಸಿದೆ. ಒಂದು ಮಾತು ಹೇಳಬಾರದಿತ್ತಾ?"

ಅಂದಾನಯ್ಯ ತಲೆ ಎತ್ತಲಿಲ್ಲ. ಬರೆಯುತ್ತಿದ್ದರು. ಹೆಸರಿನ ಕೊನೆಯ ಅಕ್ಷರಕ್ಕೆ ಒತ್ತು ಕೊಟ್ಟು, ಕೆಳಗೊಂದು ಗೆರೆ ಎಳೆದು, ಪೆನ್ನಿನ ಮುಚ್ಚಳ ಹಾಕಿದರು.

ಕಾಗದವನ್ನು ಅವರು ಮೇಷ್ಟ್ರ ಕಡೆ ಸರಿಸಲಿಲ್ಲ. ಕುರ್ಚಿಯಿಂದ ಎದ್ದು, ಮೇಜು ಬಳಸಿ ನಡೆದು, ರಘುನಂದನ್‌ನ ಮುಂದೆ ಇಟ್ಟರು.

"ನನ್ ಮಾತು ನಾನು ನಡಿಸ್ಕೊಟ್ಟಿವ್ನಿ ರಗಣ್ಣ. ಕಾಸೂ ಕೊಟ್ಟೆ, ಎಸ್ರೂ ಕೊಟ್ಟೆ. ಇನ್ ನಿನ್ ಮಾತು."

ರಘುನಂದನ್ ಟೀ ಲೋಟಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದ. ಕೈ ನಿಲ್ಲಿಸಲಿಲ್ಲ.

"ಯಾವ ಮಾತು?" ಎಂದಳು ಪ್ರಮೀಳಾ. ಅವನು ಇನ್ನೊಂದು ಲೋಟ ಎತ್ತಿಕೊಂಡ. "ದೊಡ್ಡಯ್ಯ, ಯಾವ ಮಾತು?"

ಅಂದಾನಯ್ಯ ಮೊದಲ ಬಾರಿಗೆ ಅವಳ ಕಣ್ಣನ್ನು ನೋಡಿದರು.

"ನೀನ್ ಕೇಳ್ಬ್ಯಾಡ ಮಗ," ಎಂದರು. "ಆ ಮಾತಿರಾದು ನಿನ್ ಮ್ಯಾಲೇಯ."